ರಣರಂಗಕ್ಕೊಂದು ಪೊರಕೆ

ಪ್ರತಿವರ್ಷ ಪರೀಕ್ಷೆಯ ಗಲಾಟೆ ಮುಗಿದ ಮೇಲೆ ಬರುವ ಒಂದು ಭಾನುವಾರ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳ ಆಗಿಯೇ ಆಗುತ್ತದೆ. ಬೆಳಗಿನ ಆರು ಗಂಟೆಗೆಲ್ಲ ನಾನು ಎರಡು ಪೊರಕೆ, ನಾಲ್ಕು ಗೋಣಿಚೀಲ, ಒಂದು ಕ್ಯಾನು ನೀರು, ಚಿತ್ರಾನ್ನದ ಡಬ್ಬಿ ಇಷ್ಟನ್ನೂ ಜೋಡಿಸಿಕೊಂಡು ಹೊರಟು ನಿಂತಿರುತ್ತೇನೆ. "ನಮ್ಮ ಮನೆಯ ಅಟ್ಟ ಗುಡಿಸಿ ಎಷ್ಟು ವರ್ಷವಾಯಿತು, ಅದೇನಾದರೂ ನೆನಪಿದೆಯಾ?" ಎಂದು ನಮ್ಮವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅಟ್ಟಕ್ಕಿಲ್ಲದ ಭಾಗ್ಯ ಶ್ರೀರಂಗಪಟ್ಟಣದ ಕೋಟೆಗೋಡೆಯ ಬುಡಕ್ಕೆ ಯಾಕೆ ಎಂದರೆ ನನ್ನಲ್ಲಿ ತಕ್ಷಣಕ್ಕೆ ಉತ್ತರವಿಲ್ಲ. ಅದನ್ನು ಹುಡುಕಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಒಂದು ಪಾಠದಿಂದ. ನಾನು ಮಳವಳ್ಳಿಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡುತ್ತಾ, "ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣ ಮುಟ್ಟುವ ಮೊದಲು 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಹತ್ತಿರವೇ ಟಿಪ್ಪುವಿನ ಸೇನೆಗೂ ಅವರಿಗೂ ಯುದ್ಧವಾಯಿತು" ಎಂದೆ. ನಿದ್ದೆಗೆ ಬಿದ್ದಿದ್ದ ಹಿಂದಿನ ಬೆಂಚೂ ಎಚ್ಚರವಾಯಿತು. "ಎಲ್ಲಿ ಮಿಸ್? ನಮ್ಮ ಗದ್ದೆ ಹತ್ರನಾ?" ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಇಸವಿಗಳನ್ನು ಉರು ಹೊಡೆಸಿದ್ದೆನೇ ಹೊರತು ಅವು ನಡೆದದ್ದು ಒಂದು ನೆಲದ ಮೇಲೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

ಮುಂದಿನ ಭಾನುವಾರ ಹತ್ತು ಮಕ್ಕಳನ್ನು ಕಟ್ಟಿಕೊಂಡು ಊರಾಚೆ ಹೋದೆ. ಭತ್ತದ ಕೂಳೆ, ಕಬ್ಬು, ಹಿಪ್ಪುನೇರಳೆ ತೋಟ. ಇಲ್ಲಿ ಯುದ್ಧ ನಡೆದಿತ್ತು ಎಂದು ಬೆರಳು ಮಾಡಿ ತೋರಿಸಲು ನನಗೆ ಒಂದು ಕಲ್ಲೂ ಸಿಗಲಿಲ್ಲ. ಅಂದು ಜನರಲ್ ಹ್ಯಾರಿಸನ ಕೈಕೆಳಗೆ ಆರ್ಥರ್ ವೆಲ್ಲೆಸ್ಲಿ ಎಂಬ, ಇನ್ನೂ ಮೂವತ್ತು ತುಂಬದ ಅಧಿಕಾರಿ ಇದ್ದ. ಅವನೇ ಮುಂದೆ ವೆಲ್ಲಿಂಗ್ಟನ್ನನಾಗಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ವಾಟರ್ಲೂನಲ್ಲಿ ಸಿಂಹದ ಪ್ರತಿಮೆ ಹೊತ್ತ ದೊಡ್ಡದೊಂದು ದಿಬ್ಬವಿದೆ, ನೋಡಲು ಲೋಕವೇ ಬರುತ್ತದೆ. ನಮ್ಮ ಮಳವಳ್ಳಿಯಲ್ಲಿ ಬದುವಿನ ಮೇಲೆ ಹತ್ತು ಮಕ್ಕಳು ಮತ್ತು ಒಬ್ಬಳು ಟೀಚರು.

ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು ಕುಡುಗೋಲು ಹಿಡಿದೇ ಹತ್ತಿರ ಬಂದಳು. "ಇದೇನವ್ವ ಟೀಚರಮ್ಮ, ಮಕ್ಕಳ್ನ ಬಿಸಿಲಲ್ಲಿ ನಿಲ್ಸಿದ್ದೀರಿ?" ಎಂದಳು. ಇಲ್ಲಿ ಯುದ್ಧವಾಗಿತ್ತಂತೆ, ಜನ ಸತ್ತಿದ್ದರಂತೆ ಎಂದೆ. "ಆಗಿದ್ರೆ ಆಗಿರ್ಲಿ ಬುಡಿ. ಎಣ ಬಿದ್ದ ನೆಲ ಅಂತ ಉಳದೆ ಬುಟ್ರೆ ಉಣ್ಣೋದೇನ? ಸತ್ತೋರು ಸತ್ರು. ಇರೋರ ಹೊಟ್ಟೆಗೆ ಭತ್ತ ಬೇಕು ಕಣವ್ವ."

ಈ ಮಾತಿಗೆ ನಾನು ಇವತ್ತಿನವರೆಗೂ ಎದುರು ಮಾತು ಕಂಡುಕೊಂಡಿಲ್ಲ. ನೆತ್ತರು ಬಿದ್ದ ನೆಲದಲ್ಲಿ ಭತ್ತ ಬೆಳೆಯುವುದಕ್ಕಿಂತ ದೊಡ್ಡ ಶಾಂತಿ ಯಾವುದು? ಗದ್ದೆಯನ್ನು ಕಿತ್ತು ಸ್ಮಾರಕ ಮಾಡಿ ಎಂದು ನಾನೂ ಹೇಳಲಾರೆ. ವಾಟರ್ಲೂನ ಆ ದಿಬ್ಬಕ್ಕೆ ಮಣ್ಣು ತೆಗೆದದ್ದು ಯುದ್ಧ ನಡೆದ ಬಯಲಿನಿಂದಲೇ. ಸ್ಮಾರಕ ಎದ್ದಿತು, ಆದರೆ ನೆಲದ ಏರುತಗ್ಗು ಗುರುತು ಸಿಗದಂತಾಯಿತು. ನೆನಪಿಗೆಂದು ಕಟ್ಟುವ ನಾವು ಎಷ್ಟೋ ಸಲ ನೆನಪನ್ನೇ ಅಗೆದು ಹಾಕುತ್ತೇವೆ. ಅಜ್ಜಿಯ ನೇಗಿಲು ಅಷ್ಟು ಕೆಡುಕು ಮಾಡಿಲ್ಲ.

ಹಾಗಾದರೆ ಮರೆತುಬಿಡುವುದೇ ಸರಿಯೇ? ಇಲ್ಲಿ ನನಗೆ ನೆರವಾದದ್ದು ಮದ್ದೂರು ತಾಲ್ಲೂಕಿನ ಆತಕೂರು. ಮದ್ದೂರೆಂದರೆ ನಮಗೆ ವಡೆ. ರೈಲಿನಲ್ಲಿ ವಡೆ ತಿನ್ನದೆ ಮದ್ದೂರು ದಾಟುವವರುಂಟೆ? ಆದರೆ ಅದೇ ತಾಲ್ಲೂಕಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ಸಾವಿರ ವರ್ಷಕ್ಕೂ ಹಿಂದಿನದು. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಆ ಕಲ್ಲು ನಿಂತದ್ದು ರಾಜನಿಗಾಗಿ ಅಲ್ಲ. ಬೂತುಗನ ಸೇವಕ ಮಣಲೇರನು ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಲ್ಲು ನಿಂತದ್ದು ಆ ನಾಯಿಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಭಾಗ. ಕಲ್ಲು ನೆಟ್ಟು ಅವರು ಕೈ ತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಭೂಮಿ ಬಿಟ್ಟರು. ಅಲ್ಲಿನ ಗುಡಿಯನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ನೋಡಿ, ನೆನಪೆಂದರೆ ಮನಸ್ಸಿನಲ್ಲಿ ಬಂದು ಹೋಗುವ ಭಾವನೆಯಲ್ಲ, ಊಟಕ್ಕೆ ಮೊದಲು ಮಾಡಿ ಮುಗಿಸಬೇಕಾದ ಕೆಲಸ ಎಂದು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಕೆಲಸವೆಂದ ಮೇಲೆ ಅದು ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ದೇವರ ಮೇಲಿನ ಭಕ್ತಿ ಎಷ್ಟೇ ಇರಲಿ, ದೀಪದ ಕಂಬ ಉಜ್ಜುವವರು ಯಾರು ಎಂಬುದು ನಮಗೆ ಗೊತ್ತಲ್ಲ!

ಹೀಗೆ ನಮ್ಮ ಗುಂಪು ಹುಟ್ಟಿತು. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವೂ ಇಲ್ಲ. ನಾಲ್ಕೈದು ಟೀಚರುಗಳು, ನಿವೃತ್ತರಾದ ಇಬ್ಬರು, ಬಟ್ಟೆ ಹೊಲಿಯುವ ಒಬ್ಬರು, ಎನ್ನೆಸ್ಸೆಸ್ಸಿನ ಒಂದಿಷ್ಟು ಮಕ್ಕಳು. ಅಮೆರಿಕದಲ್ಲಿ ಹಣ ಕೂಡಿಸಿ ಹಳೆಯ ಯುದ್ಧಭೂಮಿಗಳನ್ನು ಕೊಂಡು ಕಾಪಾಡುವ ಸಂಸ್ಥೆಯೇ ಇದೆ. 1996ರಿಂದ ಅಲ್ಲಿ ಪ್ರತಿ ವಸಂತದಲ್ಲಿ ಒಂದು ದಿನ ಊರೂರಿನ ಜನ ಸೇರಿ ಆ ಬಯಲುಗಳಲ್ಲಿ ಕಸ ಎತ್ತುತ್ತಾರೆ, ಬೇಲಿ ಸರಿಮಾಡುತ್ತಾರೆ, ಫಲಕಗಳಿಗೆ ಬಣ್ಣ ಹಚ್ಚುತ್ತಾರೆ. ಇದನ್ನು ಓದಿದಾಗ, ಪರವಾಗಿಲ್ಲ, ನಮ್ಮಂಥ ಹುಚ್ಚರು ಬೇರೆ ಕಡೆಯೂ ಇದ್ದಾರೆ ಎಂದು ಸಮಾಧಾನವಾಯಿತು.

ನಮ್ಮ ಕೆಲಸ ಹೆಚ್ಚಾಗಿ ಶ್ರೀರಂಗಪಟ್ಟಣದಲ್ಲಿ. ಅದು ನಮ್ಮ ಜಿಲ್ಲೆಯದೇ ಊರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ನೆಲ. ಮೊದಲ ವರ್ಷ ಉತ್ಸಾಹದಲ್ಲಿ ಗೋಡೆಯ ಸಂದಿನಲ್ಲಿ ಬೆಳೆದಿದ್ದ ಅರಳಿಸಸಿಯನ್ನು ನಾನೇ ಕೀಳಲು ಹೋಗಿದ್ದೆ. ಅಲ್ಲಿದ್ದ ಕಾವಲುಗಾರ ಓಡಿ ಬಂದು ತಡೆದ. ಬೇರು ಎಳೆದರೆ ಅದರ ಜೊತೆ ಗಾರೆ ಬರುತ್ತದೆ, ಗಾರೆಯ ಹಿಂದೆ ಕಲ್ಲು. ಅದನ್ನು ಬಲ್ಲವರೇ ಮಾಡಬೇಕು. 1958ರ ಕಾಯ್ದೆಯಂತೆ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು, ಅದರ ಮೇಲೆ ಬರೆಯುವುದು ಅಪರಾಧ. ಹಾನಿ ಮಾಡುವವರು ಕೆಟ್ಟವರೇ ಆಗಬೇಕಿಲ್ಲ, ಸೇವೆ ಮಾಡಲು ಬಂದ ಟೀಚರೂ ಆಗಬಹುದು ಎಂದು ಅವತ್ತು ತಿಳಿಯಿತು. ಈಗ ನಾವು ಮುಟ್ಟುವುದು ಕಸವನ್ನು ಮಾತ್ರ. ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣ, ಪ್ಲಾಸ್ಟಿಕ್ ತಟ್ಟೆ. ಗೋಡೆಯ ಮೇಲೆ ಗೀಚಿದ ಪ್ರೇಮಿಗಳ ಹೆಸರುಗಳನ್ನು ಉಜ್ಜಲೂ ನಮಗೆ ಅಧಿಕಾರವಿಲ್ಲ. ಅವರ ಪ್ರೇಮ ಉಳಿದಿದೆಯೋ ಇಲ್ಲವೋ, ಹೆಸರಂತೂ ಉಳಿದಿದೆ.

ಅದೇ ಊರಿನಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ರೈಲ್ವೆಯ ಜೋಡಿಹಳಿಗೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಮೇಲೆತ್ತಿ ನೂರು ಮೀಟರಿಗಿಂತ ದೂರಕ್ಕೆ ಸರಿಸಿದರು. ಕಟ್ಟಡವನ್ನು ಸರಿಸಬಹುದು. ಜನ ಸತ್ತ ನೆಲವನ್ನು ಸರಿಸಲಾಗುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ನಾವು ಅಲ್ಲಿಗೆ ಹೋಗಬೇಕು.

ಹೋದಾಗ ಏಳುವ ಪ್ರಶ್ನೆ, ಯಾರಿಗಾಗಿ ಗುಡಿಸುವುದು? 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಸ್ಮಾರಕ ಕಂಬದಲ್ಲಿ ಕೋಟೆಗೆ ಲಗ್ಗೆ ಹಾಕಿ ಮಡಿದ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳಿವೆ. ಕೋಟೆಯೊಳಗೆ ಸತ್ತ ಸಾವಿರಾರು ಜನರ ಹೆಸರು ಅದರಲ್ಲಿಲ್ಲ. ಹತ್ತಿರದ ಸೈನಿಕರ ಸ್ಮಶಾನದಲ್ಲಿ ಇಂಗ್ಲಿಷರಲ್ಲದೆ ಸ್ವಿಟ್ಜರ್ಲೆಂಡಿನ ಡಿ ಮೆರಾನ್ ಪಡೆಯವರೂ ಮಲಗಿದ್ದಾರೆ. ಸಂಬಳಕ್ಕಾಗಿ ಯಾರದೋ ಯುದ್ಧಕ್ಕೆ ಬಂದವರು. ಆ ಮನೆತನದ ಈಗಿನವರೇ ಮುಂದೆ ಬಂದು ಆ ಸ್ಮಶಾನವನ್ನು ಸರಿಪಡಿಸಲು ನೆರವಾದರು.

ಜಗಳ ದೂರದವರ ಬಗ್ಗೆಯಷ್ಟೇ ಅಲ್ಲ. ನಮ್ಮ ಗುಂಪಿನಲ್ಲಿ ಉರ್ದು ಶಾಲೆಯ ಟೀಚರೊಬ್ಬರಿದ್ದಾರೆ. ಅವರಿಗೆ ಟಿಪ್ಪು ಹುತಾತ್ಮ. ಸಂಸ್ಕೃತದ ಟೀಚರೊಬ್ಬರಿದ್ದಾರೆ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಯವರು. ಟಿಪ್ಪುವಿನ ಕಾಲದಲ್ಲಿ ತಮ್ಮವರನ್ನು ಕೊಲ್ಲಿಸಲಾಯಿತು ಎಂಬುದು ಆ ಮನೆತನಗಳ ನೆನಪು. ಅದಕ್ಕೇ ಅವರಲ್ಲಿ ನರಕ ಚತುರ್ದಶಿಯ ಹಬ್ಬವಿಲ್ಲ. ಒಂದು ವರ್ಷ ಟೆಂಪೋದಲ್ಲಿ ಇವರಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಬನ್ನೂರು ದಾಟುವ ಹೊತ್ತಿಗೆ ಇಬ್ಬರೂ ಬೇರೆಬೇರೆ ಕಿಟಕಿಯಾಚೆ ನೋಡುತ್ತಿದ್ದರು. ಇನ್ನು ಮುಂದಿನ ವರ್ಷ ಯಾರೂ ಬರುವುದಿಲ್ಲ ಎಂದುಕೊಂಡೆ.

ಮಧ್ಯಾಹ್ನ ಕಂದಕದ ಕಡೆಯಿಂದ ತುಂಬಿದ ಗೋಣಿಚೀಲವನ್ನು ಮೇಲಕ್ಕೆ ತರಬೇಕಾಗಿತ್ತು. ಒಬ್ಬರಿಂದ ಆಗದು. ಇಬ್ಬರೂ ಒಂದೊಂದು ತುದಿ ಹಿಡಿದರು. ಅವರ ಮಾತು ಅಲ್ಲಿಗೆ ಮುಗಿದು ರಾಜಿಯಾಯಿತು ಎಂದು ತಿಳಿಯಬೇಡಿ. ಇವತ್ತಿಗೂ ಮುಗಿದಿಲ್ಲ. ಆದರೆ ಇಬ್ಬರೂ ಬರುತ್ತಾರೆ. "ಅವನ ಮೇಲಿನ ಗೌರವಕ್ಕೆ ನಾನು ಬರುವುದಿಲ್ಲ. ಆವತ್ತು ಕೋಟೆಯೊಳಗೆ ಅಡುಗೆ ಮಾಡುತ್ತಿದ್ದ ಹೆಂಗಸರಿಗಾಗಿ ಬರುತ್ತೇನೆ" ಎಂದು ಸಂಸ್ಕೃತದ ಟೀಚರು ಒಮ್ಮೆ ಹೇಳಿದರು. ಉರ್ದು ಟೀಚರು, "ಅವರಿಗಾಗಿಯೇ ನಾನೂ ಇನ್ನೊಂದು ಚೀಲ ಹೊರಬಲ್ಲೆ" ಎಂದರು. ಗೆದ್ದವರ ಲೆಕ್ಕ ಹಾಕುವಾಗ ನಾವು ಎರಡು ಪಕ್ಷವಾಗುತ್ತೇವೆ. ಸತ್ತವರ ಲೆಕ್ಕಕ್ಕೆ ಕೂತರೆ ಹಾಗಾಗುವುದು ಕಷ್ಟ.

ನನಗೆ ಉಳಿದಿರುವ ಅಳುಕು ಬೇರೆಯದು. ಯುದ್ಧದ ನೆಲ ತೋರಿಸಿ ತೋರಿಸಿ ಮಕ್ಕಳಿಗೆ ನಾನು ಯುದ್ಧದ ರುಚಿ ಹತ್ತಿಸುತ್ತಿದ್ದೇನೆಯೇ? ಕೋಟೆಯ ನೆರಳಿನಲ್ಲಿ ಹುಡುಗರು ಕಬ್ಬಿನ ಜಲ್ಲೆಯನ್ನೇ ಕತ್ತಿ ಮಾಡಿಕೊಂಡು ಹೊಡೆದಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ವಾಪಸು ಬರುವಾಗ ಸುತ್ತಾದರೂ ಸರಿ ಎಂದು ಮದ್ದೂರಿನ ಶಿವಪುರಕ್ಕೆ ಹೋಗುತ್ತೇವೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಟಿ. ಸಿದ್ಧಲಿಂಗಯ್ಯನವರು ಮತ್ತು ಸಂಗಡಿಗರು ನಿಷೇಧಾಜ್ಞೆಯನ್ನು ಮುರಿದು ರಾಷ್ಟ್ರಧ್ವಜ ಹಾರಿಸಿ ದಸ್ತಗಿರಿಯಾದರು. ಅದೂ ಒಂದು ರಣರಂಗವೇ, ಆದರೆ ಒಂದೇ ಕಡೆಯವರ ಕೈಯಲ್ಲಿ ಲಾಠಿ ಬಂದೂಕು ಇದ್ದ ರಣರಂಗ. ಎರಡು ವಾರ ಕಳೆದು, ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಸತ್ಯಾಗ್ರಹ ಸೌಧದ ಅಂಗಳದಲ್ಲಿ ಕೂತು ಚಿತ್ರಾನ್ನ ತಿನ್ನುತ್ತಾ ನಾನು ಮಕ್ಕಳಿಗೆ ಕೇಳುತ್ತೇನೆ, "ಕತ್ತಿ ಹಿಡಿದು ನಿಲ್ಲುವುದು ಕಷ್ಟವೋ, ಬರಿಗೈಯಲ್ಲಿ ನಿಲ್ಲುವುದು ಕಷ್ಟವೋ?" ಪ್ರತಿವರ್ಷ ಉತ್ತರ ಬೇರೆ ಬರುತ್ತದೆ. ನಾನು ತಿದ್ದುವುದಿಲ್ಲ.

ಹೋದ ವರ್ಷ ಇದೆಲ್ಲ ಮುಗಿಸಿ ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಕೂತಿದ್ದಳು. ಎಂಬತ್ತರ ಹತ್ತಿರವಾಗಿದೆ, ಕಿವಿ ಮಂದ. ಅವಳ ಅಣ್ಣ ಸೈನ್ಯದಲ್ಲಿದ್ದವನು. 1962ರಲ್ಲಿ ನೇಫಾ ಎನ್ನುತ್ತಿದ್ದ ಈಗಿನ ಅರುಣಾಚಲದ ಕಡೆಗೆ ಹೋದ. ಬಂದದ್ದು ಒಂದು ತಂತಿ ಮಾತ್ರ. ದೇಹ ಬರಲಿಲ್ಲ, ಮಣ್ಣು ಮಾಡಲಿಲ್ಲ. ಹೋಗಿ ಕೂತು ಅಳುವುದಕ್ಕೆ ಅವಳಿಗೊಂದು ಜಾಗವಿರಲಿಲ್ಲ. ಅವನ ತಗಡಿನ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಒರೆಸಿ ಇಡುತ್ತಾಳೆ. ಅದು ಇರುವುದು ನಮ್ಮವರು ಹೇಳುವ ಅದೇ ಅಟ್ಟದಲ್ಲಿ.

ನನ್ನ ಸೀರೆಯ ಧೂಳು ನೋಡಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಶ್ರೀರಂಗಪಟ್ಟಣದಲ್ಲಿ ಯುದ್ಧವಾದ ಕಡೆ ಕಸ ತೆಗೆದು ಬಂದೆ ಎಂದು ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ ಬಿದ್ದ ಕಡೇನೂ ಯಾರಾದ್ರೂ ಗುಡಿಸ್ತಾರೇನೆ?" ಎಂದಳು.

ತವಾಂಗಿನಲ್ಲಿ ಆ ಯುದ್ಧದಲ್ಲಿ ಮಡಿದವರ ಸ್ಮಾರಕವಿದೆ, ಹೆಸರುಗಳನ್ನು ಕೆತ್ತಿದ್ದಾರೆ ಎಂದು ಹೇಳಿದೆ. ಅವಳು ಕೇಳಿದ್ದು ಅದಲ್ಲ. ಸ್ಮಾರಕದ ಮಾತಿಗೆ ಅವಳು ತಲೆಯನ್ನೂ ಆಡಿಸಲಿಲ್ಲ. ಆಗ, "ಗುಡಿಸ್ತಾರಮ್ಮ. ಅಲ್ಲೂ ಟೀಚರುಗಳಿರ್ತಾರೆ" ಎಂದೆ.

ನಾನು ನೋಡಿಲ್ಲದ ಊರಿನ ಬಗ್ಗೆ ಹೀಗೆ ಹೇಳಿದ್ದು ಸರಿಯೋ ತಪ್ಪೋ ಕಾಣೆ. ಆದರೆ ಆ ಮಾತು ಸುಳ್ಳಾಗಬಾರದು ಎಂದು ನನಗೆ ಆಸೆ. ದೂರದ ಊರಿನಲ್ಲಿ ಯಾರು ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ. ಇಲ್ಲಿ ಬಿದ್ದವರೂ ಯಾರದೋ ಅಣ್ಣಂದಿರು. ಅವರು ಬಿದ್ದ ಕಡೆ ಗುಡಿಸುವುದು ನನ್ನ ಕೈಯಲ್ಲಿದೆ. ಈ ವರ್ಷ ಹೊರಡುವ ಮೊದಲು ಅಟ್ಟವನ್ನೂ ಗುಡಿಸಿದೆ.