ಚಿಟ್ಟೆ ಬೇಕು, ಹುಳು ಬೇಡವೇ?

ಅಕ್ಟೋಬರ್‌ನ ಒಂದು ಭಾನುವಾರವನ್ನು ಮಕ್ಕಳೊಂದಿಗೆ ಅಲ್ಲಾಳಸಂದ್ರ ಕೆರೆಯ ದಂಡೆಯಲ್ಲಿ ಚಿಟ್ಟೆಗಳನ್ನು ಗುರುತಿಸುತ್ತಾ ಕಳೆದೆವು. ಮಳೆ ಕಳೆದು ಬಿಸಿಲು ಮೂಡುವ ಈ ದಿನಗಳು ಚಿಟ್ಟೆಗಳಿಗೆ ಒಳ್ಳೆಯ ಕಾಲ. ಎಕ್ಕದ ಗಿಡದ ಬಳಿ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಕಂಡಿತು. ಅದರ ಹುಳು ತಿನ್ನುವುದು ಎಕ್ಕದ ಎಲೆಯನ್ನು. ನಾವು ಪಾಳು ಗಿಡವೆಂದು ಕಿತ್ತೆಸೆಯುವುದೇ ಅದರ ತೊಟ್ಟಿಲು. ಬಳಿಕ ಲೈಮ್ ಚಿಟ್ಟೆ ಸಿಕ್ಕಿತು. ಅದು ನಿಂಬೆ, ಕರಿಬೇವಿನ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ ಎಂದಾಗ ಒಂದು ಮಗು ಕೇಳಿತು: "ಮೊನ್ನೆ ನಮ್ಮನೆ ಕರಿಬೇವಿಗೆ ಔಷಧಿ ಹೊಡೆದರಲ್ಲ, ಆ ಹುಳು ಇದೇನಾ?"

ಇದ್ದಿರಬಹುದು ಎಂದೆವು. ಮಗು ಮತ್ತೆ ಮಾತಾಡಲಿಲ್ಲ.

ಚೆಲುವನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಅದು ಬೆಳೆಯುವಾಗ ಕೇಳುವ ನಾಲ್ಕು ಎಲೆಗಳನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ನಿಂಬೆ ತೋಟವನ್ನೇ ನಂಬಿ ಬದುಕುವ ರೈತನಿಗೆ ಈ ಮಾತು ಹೇಳಲು ನಮಗೆ ಅಧಿಕಾರವಿಲ್ಲ. ಅವನ ನಷ್ಟ ದೊಡ್ಡದು. ಆದರೆ ನಮ್ಮ ಹಿತ್ತಲಿನಲ್ಲಿ ಒಗ್ಗರಣೆಗೆ ಎರಡು ಎಸಳು ಕಡಿಮೆಯಾದರೆ ನಾವು ಕಳೆದುಕೊಳ್ಳುವುದೇನು? ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ಅಲ್ಲವೇ? ರೆಕ್ಕೆ ಮೂಡಿದವರನ್ನು ಕರೆದು ಕೂರಿಸುತ್ತೇವೆ, ತೆವಳುತ್ತಿರುವವರನ್ನು ಬಾಗಿಲಲ್ಲೇ ತಡೆಯುತ್ತೇವೆ.

ಆ ದಿನ ಹನ್ನೊಂದು ಹೆಸರು ಬರೆದುಕೊಂಡಿದ್ದೆವು. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದ್ದು.