ಪರದೇಶದ ಅಂಬಲಿ

ಶ್ರಾವಕನ ಅಷ್ಟಮೂಲಗುಣಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳ ಜೊತೆಗೇ ಇರಿಸಿದ್ದಾರೆ. ರಾಯಚೂರು, ಮಾನ್ವಿ, ದೇವದುರ್ಗಗಳ ಜೈನ ಮನೆಗಳಲ್ಲಿ ಬೆಳೆದವನಿಗೆ ಈ ತ್ಯಾಗ ಕಷ್ಟವೆನಿಸುವುದಿಲ್ಲ. ನೀರು ಸೋಸುವವಳು ಅಜ್ಜಿ, ಹಿಟ್ಟು ಜರಡಿ ಹಿಡಿಯುವವಳು ತಾಯಿ, ಕಿರಾಣಿ ತರುವವರು ತಂದೆ. ಮಗ ಉಣ್ಣುತ್ತಾನೆ, ಅಷ್ಟೆ. ವ್ರತ ಅವನದೆಂದರೂ ಅದನ್ನು ಕಾಯುವವರು ಬೇರೆಯವರು.

ಇಂಥ ಹುಡುಗ ಪರದೇಶಕ್ಕೆ ಹೋದಾಗ ಏನಾಗುತ್ತದೆ? 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರದ ವರ್ಷಗಳಲ್ಲಿ ಕರ್ನಾಟಕದ ಅನೇಕ ವಿದ್ಯಾರ್ಥಿಗಳು ವೈದ್ಯಕೀಯ ವ್ಯಾಸಂಗಕ್ಕಾಗಿ ರಷ್ಯ, ಉಕ್ರೇನ್, ಕಿರ್ಗಿಸ್ತಾನಗಳ ದಾರಿ ಹಿಡಿದರು. 2022ರ ಯುದ್ಧದ ವೇಳೆ ಉಕ್ರೇನಿನಿಂದ ಮರಳಿದವರಲ್ಲಿ ಈ ರಾಜ್ಯದ ಮಕ್ಕಳೂ ಇದ್ದರು. ದೇವದುರ್ಗದ ಹುಡುಗನೊಬ್ಬ ಕಿರ್ಗಿಸ್ತಾನದ ಬಿಷ್ಕೆಕ್ ನಗರದಲ್ಲಿದ್ದಾನೆಂದು ಭಾವಿಸೋಣ.

ಅಲ್ಲಿಯ ಓಶ್ ಬಜಾರಿನಲ್ಲಿ ಒಣ ಜರ್ದಾಳು, ಅಕ್ರೋಟು, ಬೇಳೆಕಾಳುಗಳ ರಾಶಿ. ಗ್ರೇಚ್ಕಾ ಎಂಬ ಕಂದು ಕಾಳನ್ನು ಉತ್ತರ ಭಾರತದವರು ಕುಟ್ಟು ಎಂದು ಉಪವಾಸಕ್ಕೆ ಬಳಸುತ್ತಾರೆ. ಜೇನೂ ಉಂಟು, ಮಾಂಸವೂ ಉಂಟು. ಅವು ಕಣ್ಣಿಗೆ ಕಾಣುವುದರಿಂದ ಬಿಡುವುದು ಸುಲಭ. ಬೇಸಿಗೆ ಬಂದರೆ ಬೀದಿಬದಿಯಲ್ಲಿ ಪೀಪಾಯಿಗಳಿಂದ ‘ಮಕ್ಸಿಮ್’ ಮಾರುತ್ತಾರೆ. ಹುರಿದ ಧಾನ್ಯವನ್ನು ಕುದಿಸಿ ಹುದುಗು ಬರಿಸಿದ ತಣ್ಣನೆಯ ಹುಳಿ ಪಾನೀಯವದು. ರಷ್ಯನ್ನರು ರೈ ಧಾನ್ಯದ ರೊಟ್ಟಿಯಿಂದ ಮಾಡುವ ‘ಕ್ವಾಸ್’ ಅದರ ಸೋದರ. ಹುಡುಗ ಒಂದು ಲೋಟ ಕುಡಿದು ಮನೆಗೆ ಫೋನು ಮಾಡುತ್ತಾನೆ: “ಅವ್ವಾ, ಇಲ್ಲೂ ಅಂಬ್ಲಿ ಸಿಗ್ತದ!” ತಾಯಿಗೆ ಸಮಾಧಾನ.

ಕೆಲವು ತಿಂಗಳ ಮೇಲೆ ಸಹಪಾಠಿಯೊಬ್ಬ ಅದರಲ್ಲಿ ಅಲ್ಪ ಮದ್ಯಸಾರವಿದೆಯೆಂದು ತಿಳಿಸುತ್ತಾನೆ. ಕ್ವಾಸಿನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಅಮಲೇರುವುದಿಲ್ಲವಾದ್ದರಿಂದ ಮದ್ಯವಲ್ಲ ಎನ್ನಬಹುದೇ? ಗಂಜಿನಲ್ಲಿ ಚೀಲಕ್ಕೆ ಪಾವು ಕಡಿಮೆ ತೂಗುವವನೂ ಇದೇ ಲೆಕ್ಕ ಹೇಳುತ್ತಾನೆ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯನಿಷೇಧಕ್ಕೆ ಎರಡು ಕಾರಣ ಕೊಡುತ್ತಾರೆ. ಮದ್ಯವು ಮನಸ್ಸನ್ನು ಮೋಹಗೊಳಿಸಿ ಧರ್ಮವನ್ನು ಮರೆಸುತ್ತದೆ. ಅದು ಅಸಂಖ್ಯ ಜೀವಿಗಳ ಉತ್ಪತ್ತಿಸ್ಥಾನವೂ ಹೌದು. ಮಕ್ಸಿಮ್‌ನ ವಿಷಯದಲ್ಲಿ ಮೊದಲ ಕಾರಣ ಸಡಿಲವಾದರೂ ಎರಡನೆಯದು ಹಾಗೆಯೇ ನಿಲ್ಲುತ್ತದೆ.

ಆದರೆ ಅದು ಬಿಷ್ಕೆಕ್‌ನಲ್ಲಿ ಮಾತ್ರ ನಿಲ್ಲುವುದಿಲ್ಲ. ಸೇಂದಿಯ ಹೆಸರೆತ್ತಿದರೆ ಮೂಗು ಮುಚ್ಚುವ ಮನೆಯಲ್ಲೇ ಅಂಬಲಿ ರಾತ್ರಿಯಿಡೀ ಹುಳಿಯೇರುತ್ತದೆ, ಇಡ್ಲಿ ಹಿಟ್ಟು ಫ್ರಿಜ್ಜಿನಲ್ಲಿ ಮೂರು ದಿನ ಕೂರುತ್ತದೆ. ಆಹಾರದ ಕಾಲಮರ್ಯಾದೆಯನ್ನು ಸ್ವತಃ ಪಾಲಿಸದ ಹಿರಿಯರು ಹುಡುಗನನ್ನು ಗದರಿಸುವುದಕ್ಕೆ ಮೊದಲು ಗಡಿಗೆಯ ಮುಚ್ಚಳ ತೆಗೆದು ನೋಡಬೇಕು. ಹೋಲಿಕೆ ಮಾಡಿದವನು ಹುಡುಗನೇ. ಆ ಹೋಲಿಕೆ ಅವನು ಎಣಿಸಿದ್ದಕ್ಕಿಂತ ಹೆಚ್ಚು ನಿಜ.

ಹಾಗೆಂದು ಅವನು ಪೂರ್ಣ ನಿರ್ದೋಷಿಯಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದೆ. ಹುಡುಗ ಲೋಟದ ಬೆಲೆ ಕೇಳಿದ, ಅದರಲ್ಲಿ ಏನಿದೆಯೆಂದು ಕೇಳಲಿಲ್ಲ. ಅರಿಯದೆ ಕುಡಿದದ್ದಕ್ಕೆ ಆಲೋಚನೆ, ಪ್ರತಿಕ್ರಮಣ ಸಾಕು. ಅರಿತ ಮೇಲೂ ಕುಡಿದು ತಾಯಿಗೆ ಅಂಬಲಿ ಎಂದೇ ಹೇಳುತ್ತಾ ಹೋದರೆ ಪ್ರಶ್ನೆ ಮದ್ಯದ್ದಲ್ಲ, ಸತ್ಯಾಣುವ್ರತದ್ದು. ಇದು ಹೆಚ್ಚು ಭಾರವಾದ ದೋಷ. ತಾಯಿ ಕಾಯುತ್ತಿದ್ದ ವ್ರತವನ್ನು ಅವಳ ನಂಬಿಕೆಯ ಮರೆಯಲ್ಲೇ ಮುರಿದಂತಾಗುತ್ತದೆ.

ಬಸದಿಗಳ ಟ್ರಸ್ಟುಗಳು ಪರದೇಶಕ್ಕೆ ಹೊರಟವರನ್ನು ಶಾಲು ಹೊದಿಸಿ ಸನ್ಮಾನಿಸುತ್ತವೆ. ಅದರ ಜೊತೆ ಒಂದು ಚೀಟಿ ಕೊಟ್ಟರೆ ಹೆಚ್ಚು ಉಪಕಾರವಾದೀತು. ರಷ್ಯನ್ ಭಾಷೆಯಲ್ಲಿ ಮಾಂಸಕ್ಕೆ ‘ಮ್ಯಾಸ’, ಮೊಟ್ಟೆಗೆ ‘ಯಿತ್ಸೋ’, ಯೀಸ್ಟಿಗೆ ‘ದ್ರೋಝಿ’. ಈ ಮೂರು ಶಬ್ದ ಬಲ್ಲವನು ಅಂಗಡಿಯವನನ್ನು ಕೇಳಬಲ್ಲ. ಅಲ್ಲಿಯ ತಂದೂರಿ ರೊಟ್ಟಿಗೂ ಹುದುಗು ಬರಿಸುತ್ತಾರಾದ್ದರಿಂದ ಚಪಾತಿ ಲಟ್ಟಿಸುವುದನ್ನು ಊರಿನಲ್ಲೇ ಕಲಿತು ಹೋಗುವುದು ಲೇಸು. ಡಿಸೆಂಬರಿನಲ್ಲಿ ಬಿಷ್ಕೆಕ್‌ನ ಸೂರ್ಯ ಸುಮಾರು 5.30ಕ್ಕೇ ಮುಳುಗುತ್ತಾನೆ. ತರಗತಿ ಮುಗಿಸಿ ಬಂದು, ಬೇಳೆ ಬೇಯಿಸಿ, ಹಗಲಿರುವಾಗಲೇ ಉಣ್ಣುವುದಕ್ಕೆ ಉಳಿಯುವ ಹೊತ್ತು ಬಹಳ ಸ್ವಲ್ಪ.