ಉಪ್ಪಿನ ಋಣ ಮತ್ತು ಈಮಾನು

ಯುದ್ಧದಿಂದ ತಪ್ಪಿಸಿಕೊಂಡು ಬಂದ ಮುಸ್ಲಿಂ ಕುಟುಂಬಗಳಿಗೆ ಪರದೇಶದ ಕ್ರೈಸ್ತ ಸ್ವಯಂಸೇವಕರು ಹೊದಿಕೆ, ಹಾಲು, ಮಕ್ಕಳ ಬಟ್ಟೆ ಹಂಚುವ ಚಿತ್ರಗಳನ್ನು 2015ರಿಂದ ಈಚೆಗೆ ನಾವೆಲ್ಲ ನೋಡಿದ್ದೇವೆ. ಆ ಒಂದೇ ವರ್ಷ ಜರ್ಮನಿಗೆ ಆಶ್ರಯ ಕೋರಿ ಬಂದವರು ಸುಮಾರು 8 ಲಕ್ಷ 90 ಸಾವಿರ. ಸಿರಿಯಾ, ಅಫ್ಘಾನಿಸ್ತಾನ, ಇರಾಕಿನವರೇ ಹೆಚ್ಚು. ನಮ್ಮ ಬೀರೂರಿನಂಥ ಊರಿನಲ್ಲೂ ಇದರ ಬಗ್ಗೆ ಮಾತು ನಡೆಯುತ್ತದೆ. ಇಶಾ ನಮಾಜು ಮುಗಿಸಿ ಚಹಾದಂಗಡಿ ಮುಂದೆ ನಿಂತಾಗ ಹಿರಿಯರೊಬ್ಬರು ಹೇಳಿದ್ದರು: "ಮೊದಲು ರೊಟ್ಟಿ ಕೊಡ್ತಾರೆ, ಆಮೇಲೆ ಈಮಾನ್ ಕೇಳ್ತಾರೆ." ಪಕ್ಕದಲ್ಲಿದ್ದ ಕಾಲೇಜು ಹುಡುಗ, "ಕೇಳಿದ್ರೆ ಕೊಡ್ಲೇಬೇಕು ಅಂತೇನಿದೆ ಚಾಚಾ?" ಎಂದ.

ಹುಡುಗ ಹೇಳಿದಷ್ಟು ಸುಲಭವೇ ಅದು? ಕನ್ನಡ ಶಾಲೆಯಲ್ಲಿ ನಾವು 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆ ಕಲಿತೆವು. ಉರ್ದು ತರಗತಿಯಲ್ಲಿ ನಮಕ್ ಹಲಾಲ್, ನಮಕ್ ಹರಾಮ್ ಎಂಬ ಮಾತುಗಳು ಬಂದವು. ಎರಡು ಭಾಷೆಗಳೂ ಒಂದೇ ಪಾಠ ಹೇಳಿಕೊಟ್ಟವು: ಉಪ್ಪು ತಿಂದವನು ಎದುರಾಡಬಾರದು. ಮನೆಗೆ ಬಂದ ನೆಂಟ ನಾಳೆ ನಮ್ಮನ್ನು ತನ್ನ ಮನೆಗೆ ಕರೆದು ಉಣಬಡಿಸಿ ಲೆಕ್ಕ ಸರಿ ಮಾಡಿಕೊಳ್ಳುತ್ತಾನೆ. ನಿರಾಶ್ರಿತನಿಗೆ ಕರೆಯಲು ಮನೆಯಿಲ್ಲ. ಅವನ ಭಾಷೆ ಅಲ್ಲಿ ನಡೆಯುವುದಿಲ್ಲ, ಅವನ ಕಸುಬಿಗೆ ಅಲ್ಲಿ ಬೆಲೆಯಿಲ್ಲ, ಕೈಯಲ್ಲಿರುವ ಕಾಗದಗಳನ್ನು ಯಾರೂ ನಂಬುವುದಿಲ್ಲ. ಉಪ್ಪಿನ ಋಣ ತೀರಿಸಲು ಅವನ ಹತ್ತಿರ ಉಳಿದಿರುವುದು ತಲೆಯಾಡಿಸುವುದೊಂದೇ. ಕೊಟ್ಟವರು ಏನು ಹೇಳಿದರೂ ಹೂಂ ಅನ್ನುವುದು. ಆದ್ದರಿಂದ ನಮ್ಮ ಹಿರಿಯರ ಭಯ ಸುಳ್ಳೆಂದು ನಾವು ಹೇಳಲಾರೆವು. ಆದರೆ ಆ ಭಯವನ್ನು ಅವರು ಕ್ರೈಸ್ತರ ಕೊರಳಿಗೆ ಮಾತ್ರ ಕಟ್ಟಿದ್ದು ನಮಗೆ ಒಪ್ಪಿಗೆಯಿಲ್ಲ.

ಯಾಕೆಂದರೆ ಇದೇ ಅನುಮಾನವನ್ನು ಇಟ್ಟುಕೊಂಡು ಕಾನೂನು ಮಾಡಿದರೆ ಏನಾಗುತ್ತದೆ ಎಂದು ನಾವು ನೋಡಿದ್ದೇವೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧದ ಕಾಯ್ದೆಯಲ್ಲಿ 'ಆಮಿಷ' ಎಂಬ ಪದಕ್ಕೆ ಕೊಟ್ಟ ವಿವರಣೆಯೊಳಗೆ ಉಡುಗೊರೆ, ನೌಕರಿಯ ಜೊತೆಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವೂ ಸೇರಿತ್ತು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು ಅನ್ನುವುದು ಬೇರೆ ಮಾತು. ಬಡ ಹುಡುಗನಿಗೆ ಫೀಸಿಲ್ಲದೆ ಪಾಠ ಹೇಳಿದವನ ಮನಸ್ಸಿನೊಳಗೆ ಏನಿತ್ತೆಂದು ಪೊಲೀಸಿನವರು ಕೆದಕಿ ನೋಡುವುದಾದರೆ, ಮದ್ರಸಾದಲ್ಲಿ ಊಟ ಹಾಕುವವರೂ ಮಠದ ಹಾಸ್ಟೆಲಿನಲ್ಲಿ ದಾಸೋಹ ನಡೆಸುವವರೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮನಸ್ಸು ನಮ್ಮ ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಣುವುದು ಇಷ್ಟು ಮಾತ್ರ: ತೆಗೆದುಕೊಂಡವನು 'ನಿಮ್ಮ ಪ್ರಾರ್ಥನೆಗೆ ನಾನು ಬರುವುದಿಲ್ಲ' ಎಂದ ಮರುದಿನವೂ ಹಾಲಿನ ಪ್ಯಾಕೆಟ್ ಬಂತೋ ಇಲ್ಲವೋ.

ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಮತಪ್ರಚಾರಕ್ಕೆಂದೇ ಬಂದವರು. ಅದನ್ನು ಬಚ್ಚಿಟ್ಟುಕೊಂಡವರಲ್ಲ. ಅವರ ಮಾತು ಕೇಳಿ ಕ್ರೈಸ್ತನಾದವನನ್ನು ಜಾತಿಯವರು ಹೊರಗೆ ಹಾಕಿದರು, ಅವನ ಕಸುಬು ಹೋಯಿತು. ಹುಟ್ಟಿದೂರಿನಲ್ಲಿ ಇದ್ದುಕೊಂಡೇ ಅವನು ನಿರಾಶ್ರಿತನಾದ. ಅಂಥವರ ಹೊಟ್ಟೆಪಾಡಿಗೆಂದು ಮಿಶನ್ನು ನೇಯ್ಗೆ ಶುರುಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆ ಹೆಂಚು ನಮ್ಮ ಮಲೆನಾಡಿನ ಎಷ್ಟೋ ಮನೆ, ಮಸೀದಿಗಳ ಮಾಡಿನ ಮೇಲೆ ಇವತ್ತಿಗೂ ಇದೆ. ಇಲ್ಲಿ ಅನ್ನವೂ ಧರ್ಮವೂ ಒಂದೇ ಎಲೆಯಲ್ಲಿ ಬಡಿಸಿದಂತಿತ್ತು ಎಂಬುದು ನಿಜ. ಕೆಲಸ ಹೋದೀತೆಂಬ ಅಂಜಿಕೆಯಿಂದ ಚರ್ಚಿನಲ್ಲಿ ಕೂತವರೂ ಇದ್ದಿರಬೇಕು. ಆದರೆ ಅವನಿಗೆ ಬೇರೆ ದಾರಿ ಇಲ್ಲದಂತೆ ಮಾಡಿದವರು ಯಾರು? ಕೆಲಸ ಕೊಟ್ಟವರೋ, ಊರಿನ ಬಾವಿಗೆ ಬರಬೇಡ ಎಂದವರೋ? ಈ ಎರಡನೆಯವರ ಬಗ್ಗೆ ಮಾತು ಬರುವುದೇ ಕಡಿಮೆ.

ಟಿಬೆಟಿನವರ ಕತೆ ಇನ್ನೊಂದು ಥರ. ಚಳಿಗಾಲ ಬಂದರೆ ನಮ್ಮ ಕಡೆಯ ಊರುಗಳ ರಸ್ತೆ ಬದಿಯಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಅವರನ್ನು ಓದುಗರು ಬಲ್ಲರು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಅವರಿಗೆ ಸುಮಾರು 3,000 ಎಕರೆ ಕೊಟ್ಟಿತು. ಅದು ಕಾಡು. ಹಿಮದ ನಾಡಿನ ಜನ ಡೇರೆಗಳಲ್ಲಿದ್ದು ಮರ ಕಡಿದರು, ಸೆಕೆ ತಾಳದೆ, ಕಾಯಿಲೆ ಬಿದ್ದು ಹಲವರು ಸತ್ತರು. 1966ರಲ್ಲಿ ಮುಂಡಗೋಡಿನ ವಸತಿ ಬಂತು. ದೇಶದೊಳಗೆ ಈ ಜನಕ್ಕೆ ಆಹಾರ, ಔಷಧಿ ಒದಗಿಸಿದ ಪರದೇಶದ ಸಂಸ್ಥೆಗಳಲ್ಲಿ ಕ್ರೈಸ್ತ ಪರಿಹಾರ ಸಂಸ್ಥೆಗಳೂ ಇದ್ದವು. ಇವತ್ತು ಬೈಲುಕುಪ್ಪೆಗೆ ಹೋದರೆ ಕಾಣುವುದು ನಾಮ್‌ಡ್ರೋಲಿಂಗ್ ವಿಹಾರ, ಬುದ್ಧನ ಚಿನ್ನದ ಬಣ್ಣದ ಎತ್ತರದ ಮೂರ್ತಿಗಳು. ಉಂಡವರು ತಮ್ಮ ಧರ್ಮದಲ್ಲೇ ಉಳಿದರು. ಅವರನ್ನು ಯಾರೂ ನಮಕ್ ಹರಾಮ್ ಅನ್ನಲಿಲ್ಲ.

ಈಗ ಅಲೆಕ್ಸಿಸ್ ಪ್ರೇಮ್ ಕುಮಾರ್ ಅವರ ವಿಷಯ. ತಮಿಳುನಾಡಿನ ಜೆಸ್ವಿಟ್ ಪಾದ್ರಿ. ಮೊದಲು ಶ್ರೀಲಂಕಾದಿಂದ ಓಡಿಬಂದ ತಮಿಳರ ಶಿಬಿರಗಳಲ್ಲಿ ಕೆಲಸ ಮಾಡಿದವರು, ಆಮೇಲೆ ಜೆಸ್ವಿಟ್ ನಿರಾಶ್ರಿತರ ಸೇವಾ ಸಂಸ್ಥೆಯ ಹೊಣೆ ಹೊತ್ತು ಅಫ್ಘಾನಿಸ್ತಾನಕ್ಕೆ ಹೋದರು. ಆ ಸಂಸ್ಥೆಯನ್ನು 1980ರಲ್ಲಿ ಕಟ್ಟಿದ್ದು ದೋಣಿ ಹತ್ತಿ ಸಮುದ್ರಕ್ಕೆ ಬಿದ್ದ ವಿಯೆಟ್ನಾಮಿನ ಜನರನ್ನು ಕಂಡು. 2014ರ ಜೂನ್ 2ರಂದು ಹೆರಾತ್ ಬಳಿಯ ಸೊಹಾದತ್ ಎಂಬ ಹಳ್ಳಿಯಲ್ಲಿ, ಪರದೇಶದಿಂದ ವಾಪಸು ಬಂದ ಅಫ್ಘಾನ್ ನಿರಾಶ್ರಿತರ ಮಕ್ಕಳ ಶಾಲೆಯನ್ನು ನೋಡಲು ಹೋಗಿದ್ದಾಗ ಶಸ್ತ್ರಧಾರಿಗಳು ಅವರನ್ನು ಎತ್ತಿಕೊಂಡು ಹೋದರು. ಬಿಡುಗಡೆಯಾದದ್ದು 2015ರ ಫೆಬ್ರವರಿ 22ಕ್ಕೆ. ಎಂಟು ತಿಂಗಳಿಗೂ ಹೆಚ್ಚು ಕಾಲ ಸೆರೆ.

ಅಫ್ಘಾನಿಸ್ತಾನದಲ್ಲಿ ಕ್ರೈಸ್ತ ಮತಪ್ರಚಾರಕ್ಕೆ ಜಾಗವೇ ಇಲ್ಲ. ಒಬ್ಬನನ್ನೂ ತನ್ನ ಕಡೆಗೆ ಎಳೆದುಕೊಳ್ಳಲಾಗದ ಕಡೆಗೆ ಒಬ್ಬ ಪಾದ್ರಿ ಹೋಗಿ ಮುಸ್ಲಿಮರ ಮಕ್ಕಳ ಶಾಲೆ ನಡೆಸುತ್ತಾನೆಂದರೆ ಅವನ ಕೆಲಸವನ್ನು ಏನೆಂದು ಕರೆಯಬೇಕು? 'ಇದು ದೂರದ ಲೆಕ್ಕಾಚಾರ' ಎನ್ನುವವರು ಇದ್ದಾರೆ. ಇರಲಿ. ಸೊಹಾದತ್‌ನ ಮಗುವಿಗೆ ಅಕ್ಷರ ಬಂತು, ಈಮಾನು ಅದರ ಬಳಿಯೇ ಉಳಿಯಿತು. ಅದೇ 2014ರ ಏಪ್ರಿಲ್ 7ರಂದು ಸಿರಿಯಾದ ಹೋಮ್ಸ್‌ನಲ್ಲಿ ಡಚ್ ಪಾದ್ರಿ ಫ್ರಾನ್ಸ್ ಫಾನ್ ಡೆರ್ ಲುಖ್ತ್ ಕೊಲೆಯಾದರು. ಮುತ್ತಿಗೆಗೆ ಸಿಕ್ಕ ಹಳೇ ಪೇಟೆಯಿಂದ ಹೊರಡುವ ಅವಕಾಶವಿದ್ದರೂ ಹೊರಡದೆ, ಹಸಿದ ಮುಸ್ಲಿಮರ, ಕ್ರೈಸ್ತರ ಜೊತೆ ಇದ್ದುಬಿಟ್ಟವರು.

ಎಲ್ಲ ಕಡೆ ಹೀಗೇ ಇದೆಯೆಂದು ನಾವು ಹೇಳುತ್ತಿಲ್ಲ. ಜರ್ಮನಿಯ ಕೆಲವು ಚರ್ಚುಗಳಲ್ಲಿ ಇರಾನ್, ಅಫ್ಘಾನಿಸ್ತಾನದಿಂದ ಬಂದ ನೂರಾರು ಜನ ದೀಕ್ಷಾಸ್ನಾನ ಪಡೆದರು. ಮತ ಬದಲಿಸಿದವನನ್ನು ವಾಪಸು ಕಳಿಸಿದರೆ ಜೀವಕ್ಕೆ ಅಪಾಯ ಎಂಬುದು ಆಶ್ರಯ ಸಿಗಲು ಒಂದು ಕಾರಣವಾಗುತ್ತದೆ. ಹಾಗಾಗಿ ಅಧಿಕಾರಿಗಳು ಅವನನ್ನು ಕೂರಿಸಿ, ನಿನಗೆ ಬೈಬಲ್ಲಿನಲ್ಲಿ ಏನು ಗೊತ್ತು, ನಿಜವಾಗಿ ನಂಬಿದ್ದೀಯಾ ಎಂದು ಪರೀಕ್ಷೆ ಮಾಡುತ್ತಾರೆ. ಅಂಥವನ ಮನಸ್ಸನ್ನು ಅಳೆಯುವವರು ನಾವು ಯಾರು? ನಿಜವಾಗಿ ಬದಲಾದವರಿದ್ದಾರೆ, ಬದುಕಿಕೊಳ್ಳಲು ಬದಲಾದವರೂ ಇದ್ದಾರೆ, ಯಾವುದೆಂದು ತಮಗೇ ಗೊತ್ತಿಲ್ಲದವರೂ ಇರಬೇಕು. ಅಲ್ಲಿ ತಪ್ಪಿರುವುದು ಹಾಲು ಕೊಟ್ಟ ಹೆಂಗಸಿನಲ್ಲಿ ಅಲ್ಲ. 'ಬೇಡ' ಎಂದವನು ತೆರಬೇಕಾದ ಬೆಲೆಯನ್ನು ಅಷ್ಟು ದುಬಾರಿ ಮಾಡಿದ ವ್ಯವಸ್ಥೆಯಲ್ಲಿ, ಮತ್ತು ಮತ ಬಿಟ್ಟವನ ಜೀವ ತೆಗೆಯುವ ದೇಶಗಳಲ್ಲಿ. ಈ ಎರಡನೆಯದನ್ನು ಹೇಳಲು ನಮ್ಮಲ್ಲಿ ಗಂಟಲು ಕಟ್ಟುತ್ತದೆ.

ನಮ್ಮ ಮನೆಯ ಕಡೆಗೂ ನೋಡಬೇಕಲ್ಲ. ಕುರ್‌ಆನಿನ 76ನೇ ಅಧ್ಯಾಯ, ಬಡವನಿಗೂ ಅನಾಥನಿಗೂ ಸೆರೆಯಾಳಿಗೂ ಉಣಿಸಿ ಕೃತಜ್ಞತೆಯನ್ನೂ ಬಯಸದವರನ್ನು ಮೆಚ್ಚುತ್ತದೆ. ಜುಮಾ ಭಾಷಣಗಳಲ್ಲಿ ಇದನ್ನು ಕೇಳಿದ್ದೇವೆ. 9ನೇ ಅಧ್ಯಾಯದ 6ನೇ ಸೂಕ್ತವನ್ನು ಅಷ್ಟಾಗಿ ಕೇಳಿಲ್ಲ. ಬಹುದೇವಾರಾಧಕನೊಬ್ಬ ಆಶ್ರಯ ಕೇಳಿದರೆ ಕೊಡಿ, ಅವನು ದೇವವಚನ ಕೇಳಲಿ, ಆಮೇಲೆ ಅವನ ಸುರಕ್ಷಿತ ಜಾಗಕ್ಕೆ ತಲುಪಿಸಿ ಎಂಬುದು ಅದರ ತಾತ್ಪರ್ಯ. ಗಮನಿಸಿ, 'ಒಪ್ಪಿದರೆ ತಲುಪಿಸಿ' ಎಂಬ ಷರತ್ತು ಅಲ್ಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಹೃದಯ ಒಲಿಸಬೇಕಾದವರದೂ ಒಂದು. ಇಸ್ಲಾಮಿಗೆ ಬಲ ಬಂದ ಮೇಲೆ ಖಲೀಫ ಉಮರ್(ರ) ಆ ಪಾಲನ್ನು ನಿಲ್ಲಿಸಿದರು ಎಂದು ಹೇಳುತ್ತಾರೆ, ಹನಫಿ ವಿದ್ವಾಂಸರು ಅದನ್ನು ಒಪ್ಪುತ್ತಾರೆ. ಆದರೂ ಕೊಡುವ ಕೈ ಮನಸ್ಸನ್ನೂ ಗೆಲ್ಲಲಿ ಎಂಬ ಆಸೆ ಕ್ರೈಸ್ತರಿಗೆ ಮಾತ್ರ ಹುಟ್ಟಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮುಸ್ಲಿಮರು ಮೊದಲ ಸಲ ನಿರಾಶ್ರಿತರಾದದ್ದೂ ಕ್ರೈಸ್ತನೊಬ್ಬನ ನೆಲದಲ್ಲೇ. 615ರ ಸುಮಾರಿಗೆ ಮಕ್ಕಾದಿಂದ ಅಬಿಸೀನಿಯಕ್ಕೆ ಹೋದವರನ್ನು ಹಿಡಿದು ತರಲು ಕುರೈಶರು ಉಡುಗೊರೆಗಳ ಸಮೇತ ದೂತರನ್ನು ಕಳಿಸಿದರು. ರಾಜ ನಜ್ಜಾಶಿಯ ದರ್ಬಾರಿನಲ್ಲಿ ಜಾಫರ್(ರ) ಮರ್ಯಮರ ಅಧ್ಯಾಯ ಓದಿದ್ದು ನಮ್ಮ ಮಕ್ಕಳಿಗೂ ಗೊತ್ತು. ಕಷ್ಟದ ಘಳಿಗೆ ಬಂದದ್ದು ಮರುದಿನ. ಇವರು ಈಸಾರನ್ನು ದೇವರ ದಾಸ ಎನ್ನುತ್ತಾರೆ, ಕೇಳಿ ನೋಡಿ ಎಂದು ದೂತರು ಚುಚ್ಚಿಕೊಟ್ಟರು. ಉಪ್ಪಿನ ಋಣದ ಲೆಕ್ಕದಲ್ಲಿ ಅಂದು ಜಾಫರ್ ಸುಮ್ಮನೆ ತಲೆಯಾಡಿಸಬೇಕಿತ್ತು. ಅವರು ತಮ್ಮ ನಂಬಿಕೆಯನ್ನು ಇದ್ದದ್ದು ಇದ್ದಂತೆ ಹೇಳಿದರು. ನಜ್ಜಾಶಿ ಉಡುಗೊರೆಗಳನ್ನು ವಾಪಸು ಕಳಿಸಿದ. ಅದೇ ಗುಂಪಿನ ಉಬೈದುಲ್ಲಾ ಇಬ್ನ್ ಜಹ್ಶ್ ಅಲ್ಲಿ ಕ್ರೈಸ್ತನಾಗಿ, ಅಲ್ಲೇ ತೀರಿಕೊಂಡರೆಂದು ಸೀರಾ ಗ್ರಂಥಗಳು ದಾಖಲಿಸಿವೆ. ಅವರ ಹೆಂಡತಿ ಉಮ್ಮು ಹಬೀಬಾ(ರ) ಮುಸ್ಲಿಮರಾಗಿಯೇ ಉಳಿದರು. ಒಂದೇ ಮನೆಯಲ್ಲಿ ಒಬ್ಬರು ಹೂಂ ಅಂದರು, ಒಬ್ಬರು ಉಹೂಂ ಅಂದರು. ಉಹೂಂ ಅಂದವರ ಆಶ್ರಯಕ್ಕೆ ಕುತ್ತು ಬರಲಿಲ್ಲ. ಮುಂದೆ ಪ್ರವಾದಿಯವರ(ಸ) ಜೊತೆ ಅವರ ನಿಕಾಹ್ ಆದಾಗ ಮಹರನ್ನು ತನ್ನ ಕೈಯಿಂದ ಕೊಟ್ಟವನು ಆ ನಜ್ಜಾಶಿಯೇ.

ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ಈಗ ಅಸ್ಸಾಮು, ಬಂಗಾಳದಿಂದ ಕುಟುಂಬಗಳು ಕೆಲಸಕ್ಕೆ ಬರುತ್ತವೆ. ಅವರು ನಿರಾಶ್ರಿತರಲ್ಲ, ಈ ದೇಶದವರೇ. ಆದರೂ ಕಾಗದ ತೋರಿಸು ಎಂದು ಗದರಿಸುವವರ ಮುಂದೆ ಅವರ ಸ್ಥಿತಿ ನಿರಾಶ್ರಿತರಿಗಿಂತ ಬೇರೆಯಿಲ್ಲ. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಆದಿವಾಸಿ ಕ್ರೈಸ್ತರೂ ಇದ್ದಾರೆ. ರಮ್‌ಜಾನಿನಲ್ಲಿ ರೇಷನ್ ಕಿಟ್ಟಿನ ಪಟ್ಟಿ ಮಾಡುವಾಗ "ಅವರು ನಮ್ಮವರಾ?" ಎಂಬ ಪ್ರಶ್ನೆ ಏಳುತ್ತದೆ. ಜಕಾತು ಮುಸ್ಲಿಮರಿಗೇ ಎಂದು ಬಹುಪಾಲು ವಿದ್ವಾಂಸರು ಹೇಳುವುದರಿಂದ, ಯಾರಿಗೂ ಕೊಡಬಹುದಾದ ಸದಕಾದ ಪೆಟ್ಟಿಗೆ ಬೇರೆ ಇಟ್ಟರೆ ಆ ತೊಡಕು ಮುಗಿಯುತ್ತದೆ. ಮುಗಿಯದಿರುವುದು ಫೋಟೋದ ವಿಷಯ. ಬ್ಯಾನರ್ ಹಿಂದೆ ಕಟ್ಟಿ, ಕಿಟ್ ಕೊಡುವವರ ಕೈಯನ್ನೂ ತೆಗೆದುಕೊಳ್ಳುವವಳ ಮುಖವನ್ನೂ ಒಂದೇ ಚಿತ್ರದಲ್ಲಿ ಹಿಡಿದು ವಾಟ್ಸಾಪಿಗೆ ಹಾಕುವುದು ಈಗ ಎಲ್ಲರ ರೂಢಿ. ಸೆರಗು ಮುಂದೆ ಎಳೆದುಕೊಂಡು "ಫೋಟೋ ಬೇಡ" ಅನ್ನುವ ಹೆಂಗಸಿಗೆ ನಮ್ಮ ಕಮಿಟಿಯವರು ಕಿಟ್ ಕೊಟ್ಟು ಕಳಿಸುತ್ತಾರೆಯೇ, ಇಲ್ಲ ಪಕ್ಕಕ್ಕೆ ನಿಲ್ಲು ಎನ್ನುತ್ತಾರೆಯೇ?